ಶೇಕಡಾ 2 ವಿಸಿ: ಯಾವುದರ ಶೇಕಡಾ 2?

ಎನ್‌ಎಂಸಿ622 (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ) ಕ್ಯಾಥೋಡ್, ಗ್ರಾಫೈಟ್ ಆನೋಡ್ ಇರುವ 2032 ಕಾಯಿನ್ ಸೆಲ್‌ನ (ನಾಣ್ಯದಾಕಾರದ ಲಿಥಿಯಂ-ಅಯಾನ್ ಸೆಲ್) ಎಲೆಕ್ಟ್ರೋಲೈಟ್‌ಗೆ ವಿನೈಲೀನ್ ಕಾರ್ಬೊನೇಟ್ ಎಂಬ ಅಡಿಟಿವ್, ಅಂದರೆ ಲ್ಯಾಬಿನ ಮಾತಿನಲ್ಲಿ ವಿಸಿ, ಸ್ವಲ್ಪ ಬೆರೆಸಿ ಪರೀಕ್ಷಿಸುವಾಗ ನಾನು ಅನುಸರಿಸುವ ಕ್ರಮ ಇದು. ಮೊದಲ ಚಾರ್ಜ್‌ನಲ್ಲಿ ಎಲೆಕ್ಟ್ರೋಲೈಟ್‌ನ ದ್ರಾವಕವಾದ ಎಥಿಲೀನ್ ಕಾರ್ಬೊನೇಟ್ ಗ್ರಾಫೈಟ್ ಮೇಲೆ ಒಡೆದು ಎಸ್‌ಇಐ ಎಂಬ ತೆಳು ರಕ್ಷಣಾ ಪದರ ಕಟ್ಟುತ್ತದೆ. ವಿಸಿ ಅದಕ್ಕಿಂತ ಮೊದಲೇ ಒಡೆದು ಪಾಲಿಮರ್‌ನಂಥ ಪದರ ಹಾಸಿಬಿಡುತ್ತದೆ. ಮುಖ್ಯ ಕೆಲಸ ನಡೆಯುವುದು ಆ ಮೊದಲ ಚಾರ್ಜ್‌ನಲ್ಲೇ. ಹಳೆಯ ಸೆಲ್ ಬಿಚ್ಚಿ ಅಡಿಟಿವ್ ಸುರಿದರೆ ಆಗುತ್ತದಾ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ, ಅಪಾಯ ಬೇರೆ.

ಬೇಸ್ ಎಲೆಕ್ಟ್ರೋಲೈಟ್ ಸಿದ್ಧವಾಗಿ ಸಿಗುವುದನ್ನೇ ಕೊಳ್ಳುತ್ತೇನೆ: ಎಥಿಲೀನ್ ಕಾರ್ಬೊನೇಟ್ ಮತ್ತು ಎಥಿಲ್ ಮೀಥೈಲ್ ಕಾರ್ಬೊನೇಟ್ ತೂಕದಲ್ಲಿ 3:7, ಅದರಲ್ಲಿ 1 ಮೋಲಾರ್ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್. ವಿಸಿ ಫ್ರಿಜ್‌ನಲ್ಲಿರುತ್ತದೆ. 20 ಡಿಗ್ರಿ ಆಸುಪಾಸಿನಲ್ಲಿ ಕರಗುವ ವಸ್ತುವಾದ್ದರಿಂದ ಹೊರತೆಗೆದಾಗ ಚಳಿಗಾಲದ ಕೊಬ್ಬರಿ ಎಣ್ಣೆಯಂತೆ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಅರ್ಧ ಕರಗಿದ್ದನ್ನು ಮೇಲಿಂದ ಎಳೆದುಕೊಳ್ಳಬಾರದು, ಪಾಲಿಮರ್ ಆಗದಂತೆ ತಡೆಯಲು ಅದರಲ್ಲಿ ಹಾಕಿರುವ ಸ್ಟೆಬಿಲೈಸರ್ ಎಲ್ಲ ಕಡೆ ಸಮನಾಗಿರುವುದಿಲ್ಲ. ಪೂರ್ತಿ ಕರಗಲಿ, ಬಾಟಲಿ ಹೊರಮೈ ಬೆವರುವುದು ನಿಲ್ಲಲಿ, ಒರೆಸಿ ಆಮೇಲೆ ಗ್ಲೋವ್ ಬಾಕ್ಸ್‌ಗೆ, ಅಂದರೆ ತೇವವಿಲ್ಲದ, ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆಗೆ. ಬಣ್ಣ ಹಳದಿಗೆ ತಿರುಗಿದ್ದರೆ ಪಾಲಿಮರ್ ಆಗತೊಡಗಿದೆ ಎಂದರ್ಥ, ಬಳಸುವುದಿಲ್ಲ.

ಅಳತೆ ತೂಕದಲ್ಲೇ: 9.8 ಗ್ರಾಂ ಬೇಸ್, 0.2 ಗ್ರಾಂ ವಿಸಿ. ಪೈಪೆಟ್ ಲೆಕ್ಕ ನಂಬಬೇಡಿ, ಎರಡರ ಸಾಂದ್ರತೆ ಬೇರೆ ಬೇರೆ. ಗ್ಲೋವ್ ಬಾಕ್ಸ್ ಒಳಗೆ ಕೈ ಆಡಿಸಿದರೂ ಒತ್ತಡ ಏರಿಳಿದು ತಕ್ಕಡಿಯ ಅಂಕಿ ಓಡುತ್ತದೆ. ತೂಗುವಷ್ಟು ಹೊತ್ತು ಸರ್ಕ್ಯುಲೇಶನ್ ನಿಲ್ಲಿಸಿ, ಕೈ ಅಲ್ಲಾಡಿಸದೆ ಕಾಯುತ್ತೇನೆ. ಬೆರೆಸುವುದು ಅಲ್ಯುಮಿನಿಯಂ ಅಥವಾ ಎಚ್‌ಡಿಪಿಇ ಬಾಟಲಿಯಲ್ಲಿ, ಗಾಜಿನಲ್ಲಿ ಅಲ್ಲ. ಎಲೆಕ್ಟ್ರೋಲೈಟ್‌ನಲ್ಲಿರುವ ಲಿಥಿಯಂ ಲವಣ ನೀರಿನೊಂದಿಗೆ ಸೇರಿದರೆ ಹೈಡ್ರೋಫ್ಲೋರಿಕ್ ಆಮ್ಲ, ಆಮ್ಲ ಗಾಜನ್ನು ಕೊರೆದರೆ ಮತ್ತೆ ನೀರು, ಆ ನೀರಿನಿಂದ ಮತ್ತೆ ಆಮ್ಲ. ಒಮ್ಮೆ ಶುರುವಾದರೆ ನಿಲ್ಲದ ಚಕ್ರ ಅದು. ನೀರಿನಂಶ ಅಳೆಯುವ ಕಾರ್ಲ್ ಫಿಶರ್ ಪರೀಕ್ಷೆಯಲ್ಲಿ ನೀರು 20 ಪಿಪಿಎಂ ದಾಟಿದರೆ ಆ ಬಾಟಲಿಯ ಮೇಲೆ ಅಡಿಟಿವ್ ವ್ಯರ್ಥ. ಎಲೆಕ್ಟ್ರೋಡ್‌ಗಳನ್ನು 110 ಡಿಗ್ರಿಯಲ್ಲಿ ರಾತ್ರಿಯಿಡೀ ವ್ಯಾಕ್ಯೂಮ್‌ನಲ್ಲಿ ಒಣಗಿಸುತ್ತೇನೆ. ಅವುಗಳ ನಡುವೆ ಇಡುವ ಸೆಪರೇಟರ್ ಹಾಳೆಗೆ 60 ಡಿಗ್ರಿ ಸಾಕು, ಹೆಚ್ಚಾದರೆ ಸುರುಟಿಕೊಳ್ಳುತ್ತದೆ. ಆ ಆಮ್ಲ ಚರ್ಮಕ್ಕೆ ತಾಗಿದರೆ ಹಚ್ಚಲು ಕೈಗೆಟಕುವಲ್ಲಿ ಕ್ಯಾಲ್ಶಿಯಂ ಗ್ಲುಕೋನೇಟ್ ಜೆಲ್ ಇರಲೇಬೇಕು.

ಕ್ಯಾಥೋಡ್ 14 ಮಿ.ಮೀ., ಆನೋಡ್ 15 ಮಿ.ಮೀ. ಸುತ್ತಲೂ ಉಳಿಯುವುದು ಬರೀ ಅರ್ಧ ಮಿ.ಮೀ. ಕ್ಯಾಥೋಡ್ ಅಂಚು ಹೊರಗೆ ಜಾರಿದರೆ ಆನೋಡ್ ಅಂಚಿನಲ್ಲಿ ಲಿಥಿಯಂ ಲೋಹ ಕೂರುತ್ತದೆ. ಆಗ ಬಂದ ಕೆಟ್ಟ ಫಲಿತಾಂಶಕ್ಕೆ ಅಡಿಟಿವ್ ಅನ್ನು ಬೈದು ಪ್ರಯೋಜನವಿಲ್ಲ. ಅದೇ ಬಾಟಲಿಯ ಬೇಸ್‌ನಿಂದ ಅಡಿಟಿವ್ ಇಲ್ಲದ ಮೂರು ಸೆಲ್‌ಗಳನ್ನೂ ಅದೇ ದಿನ ಕಟ್ಟಿಡುತ್ತೇನೆ.

ಹತ್ತು ಗಂಟೆ ನೆನೆಯಲು ಬಿಟ್ಟು, 30 ಡಿಗ್ರಿಯಲ್ಲಿ ಸಿ/20ರಲ್ಲಿ (ಪೂರ್ತಿ ಚಾರ್ಜ್‌ಗೆ ಸುಮಾರು 20 ಗಂಟೆ ಹಿಡಿಯುವಷ್ಟು ಕಡಿಮೆ ಕರೆಂಟ್) 4.2 ವೋಲ್ಟ್‌ವರೆಗೆ ಚಾರ್ಜ್. ದಿನಗಟ್ಟಲೆ ಬಿಡುವಂತಿಲ್ಲ: ಚಾರ್ಜ್ ಆಗದ ಸೆಲ್‌ನಲ್ಲಿ ಆನೋಡ್ ಅಡಿಯ ತಾಮ್ರದ ಹಾಳೆ ಕರಗತೊಡಗುತ್ತದೆ. ವಿಸಿ ಕೆಲಸ ಮಾಡಿತೇ ಎಂಬುದಕ್ಕೆ ನೂರು ಸೈಕಲ್ ಕಾಯಬೇಕಿಲ್ಲ. ಮೊದಲ ಚಾರ್ಜ್‌ನ ಡಿಕ್ಯೂ/ಡಿವಿ ಗ್ರಾಫ್, ಅಂದರೆ ಯಾವ ವೋಲ್ಟೇಜ್‌ನಲ್ಲಿ ಎಷ್ಟು ಚಾರ್ಜ್ ಖರ್ಚಾಯಿತು ಎಂದು ತೋರಿಸುವ ಗ್ರಾಫ್ ತೆಗೆಯಿರಿ. ಬೇಸ್ ಸೆಲ್‌ನಲ್ಲಿ 2.9 ವೋಲ್ಟ್ ಸುಮಾರಿಗೆ ಎಥಿಲೀನ್ ಕಾರ್ಬೊನೇಟ್ ಒಡೆಯುವ ಗುಡ್ಡ ಕಾಣುತ್ತದೆ. ವಿಸಿ ಇರುವಲ್ಲಿ ಅದು ಬಹುತೇಕ ಅಡಗಿರಬೇಕು.

ಇನ್ನು ಶೇಕಡಾವಾರಿನ ಮಾತು. ಕಾಯಿನ್ ಸೆಲ್‌ಗಳನ್ನಷ್ಟೇ ನೋಡುವವರು ಎಡವುವುದು ಇಲ್ಲೇ. 14 ಮಿ.ಮೀ. ಬಿಲ್ಲೆಯ ವಿಸ್ತೀರ್ಣ 1.54 ಚದರ ಸೆಂ.ಮೀ. ಚದರ ಸೆಂ.ಮೀ.ಗೆ 2 ಮಿಲಿಆ್ಯಂಪ್-ಅವರ್ ಲೋಡಿಂಗ್ (ಕೆಪಾಸಿಟಿ) ಎಂದರೆ ಸೆಲ್‌ಗೆ ಸುಮಾರು 3 ಮಿಲಿಆ್ಯಂಪ್-ಅವರ್. ಅದಕ್ಕೆ ಹಾಕುವ 60 ಮೈಕ್ರೋಲೀಟರ್ ಎಲೆಕ್ಟ್ರೋಲೈಟ್ 72 ಮಿ.ಗ್ರಾಂ ತೂಗುತ್ತದೆ, ಅದರಲ್ಲಿ ವಿಸಿ 1.44 ಮಿ.ಗ್ರಾಂ. ಅಂದರೆ ಮಿಲಿಆ್ಯಂಪ್-ಅವರ್‌ಗೆ 0.47 ಮಿ.ಗ್ರಾಂ. ಆ್ಯಂಪ್-ಅವರ್‌ಗೆ 3 ಗ್ರಾಂ ಎಲೆಕ್ಟ್ರೋಲೈಟ್ ತುಂಬಿದ ಪೌಚ್ ಸೆಲ್‌ನಲ್ಲಿ (ಚೀಲದಂಥ ಹೊದಿಕೆಯ ದೊಡ್ಡ ಸೆಲ್) ಅದೇ ಶೇಕಡಾ 2ಕ್ಕೆ ಮಿಲಿಆ್ಯಂಪ್-ಅವರ್‌ಗೆ ಸಿಗುವುದು 0.06 ಮಿ.ಗ್ರಾಂ ಮಾತ್ರ. ಎಂಟು ಪಟ್ಟು ವ್ಯತ್ಯಾಸ!

ಸಿಲಿಕಾನ್ ಬೆರೆತ ಆನೋಡ್‌ನಲ್ಲಿ ಇದು ಇನ್ನೂ ಮೋಸ ಮಾಡುತ್ತದೆ. ಸಿಲಿಕಾನ್ ಪ್ರತಿ ಸೈಕಲ್‌ನಲ್ಲೂ ಉಬ್ಬಿ ಕುಗ್ಗಿ ಪದರ ಬಿರಿಯುತ್ತದೆ, ತೇಪೆ ಹಾಕಲು ಅಲ್ಲಿ ಬಳಸುವ ಅಡಿಟಿವ್ ಆದ ಫ್ಲೋರೋಎಥಿಲೀನ್ ಕಾರ್ಬೊನೇಟ್ ಖರ್ಚಾಗುತ್ತಲೇ ಹೋಗುತ್ತದೆ. ಅದು ಮುಗಿದ ಮೇಲೆ ಕೆಪಾಸಿಟಿ ದಢಕ್ಕನೆ ಕುಸಿಯುತ್ತದೆ. ಕಾಯಿನ್ ಸೆಲ್‌ನಲ್ಲಿ ದಾಸ್ತಾನು ಇಷ್ಟಿರುವಾಗ ಆ ಕುಸಿತ ಪರೀಕ್ಷೆ ಮುಗಿಯುವವರೆಗೂ ಕಾಣದೆ ಹೋಗಬಹುದು.

ಹಾಗೆಂದು ಪೌಚ್ ಸೆಲ್‌ಗೆ ವಿಸಿಯನ್ನು ಶೇಕಡಾ 6ಕ್ಕೆ ಏರಿಸಿದರೆ ಇಂಪಿಡೆನ್ಸ್, ಅಂದರೆ ಸೆಲ್‌ನ ಒಳಗಿನ ತಡೆ, ಏರುತ್ತದೆ. ಚಳಿಯಲ್ಲಿ ಕೆಪಾಸಿಟಿ ಸಿಗುವುದಿಲ್ಲ, ಫಾಸ್ಟ್ ಚಾರ್ಜ್‌ನಲ್ಲಿ ಲಿಥಿಯಂ ಲೋಹ ಕೂರುವ ಭಯ. ನಾನು 1, 2, 3 ಶೇಕಡಾ ಮೂರನ್ನೂ ಕಟ್ಟಿ, ಪ್ರತಿಯೊಂದರ ಪಕ್ಕದಲ್ಲಿ ಮಿಲಿಆ್ಯಂಪ್-ಅವರ್‌ಗೆ ಎಷ್ಟು ಮಿ.ಗ್ರಾಂ ಎಂಬುದನ್ನೂ ಬರೆದಿಡುತ್ತೇನೆ. ಪೌಚ್‌ಗೆ ಹೋಗುವಾಗ ಹೋಲಿಸುವುದು ಆ ಎರಡನೇ ಅಂಕಿಯನ್ನು.