ಆರು ಪೆಟ್ಟಿಗೆ ಏರಿಸಿದೆ, ಉಳಿದಿರುವುದು ಎರಡು

ಲಿಫ್ಟ್‌ನಲ್ಲಿ ಜೇನುಪೆಟ್ಟಿಗೆ ಸಾಗಿಸುವುದಾದರೆ ರಾತ್ರಿಯೇ ಸರಿ. ಮೇಯಲು ಹೋದ ನೊಣಗಳೆಲ್ಲ ಅಷ್ಟು ಹೊತ್ತಿಗೆ ಗೂಡು ಸೇರಿರುತ್ತವೆ. ಬಾಗಿಲಿಗೆ ಜಾಲರಿ ಬಿಗಿದರಾಯಿತು. ಕಚೇರಿಯ ಜನರೂ ಇರುವುದಿಲ್ಲ. ಹಾಗೆ ಒಂದು ರಾತ್ರಿ ಆರು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಕುಟುಂಬಗಳನ್ನು ಒಂದು ಕಂಪನಿಯ ಒಂಬತ್ತನೇ ಮಹಡಿಯ ತಾರಸಿಗೆ ಏರಿಸಿದೆ. ಜೊತೆಗಿದ್ದ ಕಾವಲುಗಾರರು ಮಾತ್ರ 'ನೀವು ಹೋಗಿ ಸರ್' ಅಂತ ಹೇಳಿ ಮೆಟ್ಟಿಲು ಹತ್ತಿಕೊಂಡೇ ಬಂದರು.

ಕಂಪನಿಯವರು ಕೇಳಿದ್ದು ಹತ್ತು ಪೆಟ್ಟಿಗೆ. ನಗರದ ಜೀವವೈವಿಧ್ಯಕ್ಕೆ ಏನಾದರೂ ಮಾಡಬೇಕು ಅನ್ನುವುದು ಅವರ ಆಸೆ. ನಾನು ಹತ್ತನ್ನು ಆರಕ್ಕೆ ಇಳಿಸಿ, ಭಾರೀ ಎಚ್ಚರಿಕೆ ವಹಿಸಿದೆ ಅಂದುಕೊಂಡಿದ್ದೆ.

ಮೊದಲು ಪಾಠ ಕಲಿಸಿದ್ದು ಬಿಸಿಲು. ನೆಲದ ಮೇಲೆ ಮರದ ಬುಡದಲ್ಲಿ ಪೆಟ್ಟಿಗೆ ಇಟ್ಟು ರೂಢಿಯಾದವನಿಗೆ ತಾರಸಿ ಬೇರೆಯೇ ಲೋಕ. ಮೇಲಿನಿಂದ ಬಿಸಿಲು, ಕೆಳಗಿನಿಂದ ಕಾದ ಕಾಂಕ್ರೀಟು. ಮರಿಗಳಿರುವ ಎರಿಯನ್ನು, ಅಂದರೆ ಮೇಣದ ಕೋಣೆಗಳ ಹಲಗೆಯನ್ನು, ನೊಣಗಳು ಸುಮಾರು 34–35 ಡಿಗ್ರಿಯಲ್ಲೇ ಕಾಯ್ದುಕೊಳ್ಳುತ್ತವೆ. ಬಿಸಿ ಏರಿದರೆ ನೀರು ತಂದು ಎರಿಯ ಮೇಲೆ ಹಚ್ಚಿ ರೆಕ್ಕೆ ಬೀಸುತ್ತವೆ. ಅಂದರೆ ಮಕರಂದ ತರಬೇಕಾದ ನೊಣಗಳು ನೀರು ಹೊರುತ್ತಾ ಕೂರುತ್ತವೆ. ಮೇಣ ಪೂರ್ತಿ ಕರಗುವುದು 62 ಡಿಗ್ರಿ ದಾಟಿದ ಮೇಲಾದರೂ, ಜೇನು ತುಂಬಿದ ಎರಿ ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗಿ ಜೋತು ಬೀಳುತ್ತದೆ. ತುಡುವೆಗೆ ಅಷ್ಟೆಲ್ಲ ತಾಳ್ಮೆ ಇಲ್ಲ. ಇಷ್ಟವಾಗದಿದ್ದರೆ ಗೂಡು ಬಿಟ್ಟು ಹೋಗಿಬಿಡುತ್ತದೆ. ಮೂರನೇ ವಾರ ಒಂದು ಪೆಟ್ಟಿಗೆ ತೆರೆದಾಗ ಒಳಗೆ ಖಾಲಿ ಎರಿ, ಒಂದಷ್ಟು ಇರುವೆ, ಅಷ್ಟೇ.

ಆಮೇಲೆ ಮಾಡಿದ್ದು ಇಷ್ಟು. ಪೆಟ್ಟಿಗೆಗಳಿಗೆ ಬಿಳಿ ಬಣ್ಣ, ಸೊಂಟದೆತ್ತರದ ಸ್ಟ್ಯಾಂಡು, ಮಧ್ಯಾಹ್ನದ ಬಿಸಿಲಿಗೆ ಅಡ್ಡವಾಗಿ ನೆರಳು ಬಲೆ. ಸ್ಟ್ಯಾಂಡಿನ ನಾಲ್ಕೂ ಕಾಲು ನೀರಿನ ಬಟ್ಟಲಲ್ಲಿ, ಇರುವೆ ಹತ್ತದಂತೆ. ಗಾಳಿಗೆ ಹಾರದಂತೆ ಬೆಲ್ಟ್ ಬಿಗಿದೆ. ಒಂಬತ್ತನೇ ಮಹಡಿಯಿಂದ ಒಂದು ಮುಚ್ಚಳ ಕೆಳಗೆ ಬಿದ್ದರೂ ಸಾಕಲ್ವಾ? ಭಾರದ ಲೆಕ್ಕವನ್ನು ಕಟ್ಟಡದ ಎಂಜಿನಿಯರ್ ಹತ್ತಿರ ಮೊದಲೇ ಮಾಡಿಸಿದ್ದೆ. ಒಂದು ಲೀಟರ್ ಜೇನುತುಪ್ಪ ಸುಮಾರು 1.4 ಕಿಲೋ ತೂಗುತ್ತದೆ.

ನೀರಿನ ವಿಷಯದಲ್ಲಿ ಮಾತ್ರ ಶುದ್ಧ ನನ್ನದೇ ತಪ್ಪು. ತೊಟ್ಟಿ ಇಡೋಣ, ಅವಸರವೇನು ಅಂತ ಎರಡು ದಿನ ತಳ್ಳಿದೆ. ಅಷ್ಟರಲ್ಲಿ ನೊಣಗಳು ಪಕ್ಕದ ಕಟ್ಟಡದಲ್ಲಿ ಎ.ಸಿ.ಯ ನೀರು ತಂಪಾಗಿಸುವ ಕೂಲಿಂಗ್ ಟವರ್ ಕಂಡುಕೊಂಡಿದ್ದವು. ಜೇನುನೊಣಕ್ಕೆ ತಿಳಿನೀರಿಗಿಂತ ವಾಸನೆ ಇರುವ, ಉಪ್ಪಿನಂಶವಿರುವ ನೀರೇ ಇಷ್ಟ. ಒಮ್ಮೆ ಜಾಗ ಗೊತ್ತಾದರೆ ಕುಣಿದು ಮಿಕ್ಕವಕ್ಕೂ ಹೇಳಿಬಿಡುತ್ತವೆ. ಪಕ್ಕದವರ ಮೆಕ್ಯಾನಿಕ್‌ಗೆ ಕುಟುಕಿದ ಮೇಲೆ ನಮಗೆ ದೂರು ಬಂತು, ಬರಲೇಬೇಕಿತ್ತು. ನಾನು ಆಮೇಲೆ ಇಟ್ಟ ತೊಟ್ಟಿಯನ್ನು ಅವು ಮೂಸಿಯೂ ನೋಡಲಿಲ್ಲ. ಕೊನೆಗೆ ಪಾಚಿ ಹಿಡಿದ ಕಲ್ಲು ಹಾಕಿ, ಚಿಟಿಕೆ ಉಪ್ಪು ಬೆರೆಸಿ, ಅತ್ತ ಆ ಟವರಿಗೆ ಜಾಲರಿ ಹೊದಿಸಿದ ಮೇಲೆ ಬಂದವು. ನೊಣ ಬರುವ ಮುಂಚೆಯೇ ನೀರಿರಬೇಕು.

ಇನ್ನೊಂದು ಪೇಚು ವಾಟರ್‌ಪ್ರೂಫಿಂಗ್ ಕೆಲಸದ್ದು. 'ಪೆಟ್ಟಿಗೆಗಳನ್ನು ಸ್ವಲ್ಪ ಆ ಕಡೆ ಸರಿಸಿ ಸರ್' ಅಂದರು. ಸುಮ್ನೆ ಹತ್ತು ಹೆಜ್ಜೆ ಸರಿಸಿದೆ. ಸಂಜೆ ನೋಡಿದರೆ ಹಳೆಯ ಜಾಗದಲ್ಲಿ, ಖಾಲಿ ಗಾಳಿಯಲ್ಲಿ, ನೊಣಗಳು ಮುದ್ದೆ ಕಟ್ಟಿಕೊಂಡು ಸುತ್ತುತ್ತಿವೆ! ಅವು ನೆನಪಿಟ್ಟುಕೊಳ್ಳುವುದು ಪೆಟ್ಟಿಗೆಯನ್ನಲ್ಲ, ಜಾಗವನ್ನು. ದಿನಕ್ಕೆ ಒಂದೆರಡು ಅಡಿ ಸರಿಸಬೇಕು, ಇಲ್ಲವೇ ಅವು ಹಾರಿ ಬರಲಾಗದಷ್ಟು ದೂರ ಒಯ್ದು ಇಡಬೇಕು. ಇದು ನನಗೆ ಗೊತ್ತಿರದ ಸಂಗತಿಯೇನಲ್ಲ. ತಾರಸಿಯಲ್ಲಿ ಹತ್ತು ಹೆಜ್ಜೆ ತೀರಾ ಚಿಕ್ಕದಾಗಿ ಕಂಡಿತು, ಅಷ್ಟೇ.

ಇಷ್ಟೆಲ್ಲ ಸರಿಹೋದ ಮೇಲೆ ಜೇನು ಚೆನ್ನಾಗಿಯೇ ಆಯಿತು. ಕಂಪನಿಯವರು ಲೇಬಲ್ ಅಂಟಿಸಿದ ಬಾಟಲಿ ಹಂಚಿ ಖುಷಿಪಟ್ಟರು. ನನಗೆ ಮಾತ್ರ ಒಂದು ಕಸಿವಿಸಿ ಶುರುವಾಗಿತ್ತು.

ಪೆಟ್ಟಿಗೆ ಏರಿಸುವ ಮುಂಚೆ ತಾರಸಿಯ ಕುಂಡಗಳಲ್ಲಿ ಅರಳಿದ್ದ ಕಾಮಕಸ್ತೂರಿಗೆ ನೀಲಿ ಪಟ್ಟೆಯ, ಒಂಟಿಯಾಗಿ ಗೂಡು ಕಟ್ಟುವ ದುಂಬಿಗಳು ಬರುತ್ತಿದ್ದವು. ಗುಂಯ್ ಅಂತ ಒಂದು ಹೂವಿನಿಂದ ಇನ್ನೊಂದಕ್ಕೆ ನೆಗೆಯುತ್ತಿದ್ದವು. ನಮ್ಮ ತುಡುವೆ ಬಂದ ಮೇಲೆ ಆ ಗಿಡದ ತುಂಬ ತುಡುವೆಯೇ. ಒಂದು ತಾರಸಿ ನೋಡಿ ತೀರ್ಮಾನ ಹೇಳಬಾರದು, ನಿಜ. ಆದರೆ ಪ್ಯಾರಿಸ್‌ನಲ್ಲಿ ಇದನ್ನೇ ಅಳೆದು ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಗಿದೆ: ಸಾಕಿದ ಜೇನುಕುಟುಂಬ ಜಾಸ್ತಿ ಇರುವಲ್ಲಿ ಕಾಡುಜೇನುಗಳು, ಅಂದರೆ ಈ ದುಂಬಿಗಳಂಥ ಯಾರೂ ಸಾಕದ ಜೇನುಗಳು, ಹೂವಿಗೆ ಬರುವುದು ಕಡಿಮೆ. ಲಂಡನ್‌ನಲ್ಲಿ ಪೆಟ್ಟಿಗೆಗಳು ಮಿತಿಮೀರಿವೆ ಎಂದು ಅಲ್ಲಿನ ಕ್ಯೂ ಸಸ್ಯೋದ್ಯಾನದ 2020ರ ವರದಿಯೂ ಎಚ್ಚರಿಸಿತ್ತು. ಲೋಕದಲ್ಲಿ ಜೇನಿನ ಜಾತಿಯವು ಸುಮಾರು 20,000 ಬಗೆ. ಪೆಟ್ಟಿಗೆಯಲ್ಲಿ ಸಾಕುವವು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ಬಗೆಗೆ ಮಾತ್ರ ನಾನು ಆರು ಮನೆ ಕಟ್ಟಿ, ಊಟಕ್ಕೆ ಮಿಕ್ಕವರ ತಟ್ಟೆಗೆ ಕಳಿಸಿದ್ದೆ.

ಪರಾಗದ ಬಣ್ಣವೂ ಅದನ್ನೇ ಹೇಳುತ್ತಿತ್ತು. ಗೂಡಿಗೆ ಮರಳುವ ನೊಣದ ಹಿಂಗಾಲಿಗೆ ಅಂಟಿದ ಪರಾಗ ನೋಡಿದರೆ ಸುತ್ತಮುತ್ತ ಎಷ್ಟು ಬಗೆಯ ಹೂವಿದೆ ಅಂತ ಅಂದಾಜು ಸಿಗುತ್ತದೆ. ನಮ್ಮಲ್ಲಿ ವಾರಗಟ್ಟಲೆ ಒಂದೇ ಹಳದಿ. ಎಲ್ಲವೂ ಒಂದೇ ಸಾಲುಮರಕ್ಕೆ ಮುಗಿಬಿದ್ದಿದ್ದವು. ಆ ಮರದ ಹೂವು ಮುಗಿದ ಮೇಲೆ ಸಕ್ಕರೆ ಪಾಕ ಕೊಟ್ಟು ಸಾಕಿದೆ.

ಅವರು ಕೇಳಿದ್ದ ಹತ್ತರಲ್ಲಿ ಬಾಕಿ ನಾಲ್ಕು ಪೆಟ್ಟಿಗೆ ತುಂಬುವ ಬದಲು ಇದ್ದ ಐದರಲ್ಲಿ ಮೂರನ್ನು ದೂರದ ತೋಟಕ್ಕೆ ಕಳಿಸುತ್ತೇನೆ ಅಂದಾಗ ಕಂಪನಿಯವರು ಒಪ್ಪಲಿಲ್ಲ. ಬಾಟಲಿ ಕಡಿಮೆಯಾಗುತ್ತದೆ ನೋಡಿ. ಎರಡು ಸಭೆ ಬೇಕಾಯಿತು. ಆಮೇಲೆ ಖಾಲಿಯಾದ ಜಾಗದಲ್ಲಿ, ಒಂದರ ಹಿಂದೆ ಒಂದು ಹೂ ಬಿಡುವಂತೆ ಆರಿಸಿ ಕುಂಡ ಇಟ್ಟೆವು. ಒಂದು ಬದಿ ಮುಚ್ಚಿದ ಬಿದಿರಿನ ತುಂಡುಗಳನ್ನು ಕಟ್ಟು ಮಾಡಿ ತೂಗಿದೆವು. ತೂತು 4ರಿಂದ 10 ಮಿಲಿಮೀಟರ್ ಅಗಲ, ಬೇರೆ ಬೇರೆ ದುಂಬಿಗೆ ಬೇರೆ ಬೇರೆ ಅಳತೆ. ಕಾಡುಜೇನುಗಳಲ್ಲಿ ಬಹುಪಾಲು ಮಣ್ಣಿನಲ್ಲಿ ಬಿಲ ತೋಡುವಂಥವು. ಅವಕ್ಕಾಗಿ ಕೆಳಗಿನ ಹೂದೋಟದ ಒಂದು ಮೂಲೆಯನ್ನು ಗುಡಿಸದೆ, ಹುಲ್ಲು ಹಾಸದೆ ಬಿಡಿ ಅಂತ ಕೇಳಿಕೊಂಡೆ. ಅದು ಗಲೀಜಾಗಿ ಕಾಣುತ್ತದೆ ಅನ್ನುವ ತಕರಾರು ಇನ್ನೂ ಮುಗಿದಿಲ್ಲ.

ಹೋದ ತಿಂಗಳು ಮೇಂಟೆನೆನ್ಸ್‌ನವರು ಫೋನ್ ಮಾಡಿದರು. 'ಸರ್, ಗುಲಾಬಿ ಎಲೆಯನ್ನೆಲ್ಲ ಯಾವುದೋ ಹುಳ ದುಂಡಗೆ ಕತ್ತರಿಸಿಬಿಟ್ಟಿದೆ. ಔಷಧಿ ಹೊಡೆಸಲಾ?'

'ಬೇಡ ಬೇಡ. ಬಿದಿರಿನ ಕಟ್ಟು ಇದೆಯಲ್ಲ, ಅದರ ತೂತು ನೋಡಿ ಹೇಳಿ' ಅಂದೆ.

ಐದು ನಿಮಿಷದಲ್ಲಿ ಫೋಟೊ ಬಂತು. ಮೂರು ತೂತಿಗೆ ಎಲೆಯ ಹಸಿರು ಮುಚ್ಚಳ ಬಿದ್ದಿತ್ತು.