ಫ್ರೀಡಂ ಟ್ರೇಲನ್ನು ಕೊನೆಯಿಂದ ನಡೆದೆವು

ಎಪ್ಪತ್ತು ದಾಟಿದ ಅಪ್ಪ-ಅಮ್ಮನಿಗೆ ಬಾಸ್ಟನ್ನಿನ ಫ್ರೀಡಂ ಟ್ರೇಲ್, ಅಂದರೆ ಅಮೆರಿಕದ ಸ್ವಾತಂತ್ರ್ಯ ಹೋರಾಟದ ಜಾಗಗಳನ್ನು ಜೋಡಿಸುವ ಕಾಲುದಾರಿ, ಒಂದೇ ದಿನದಲ್ಲಿ ತೋರಿಸುತ್ತೇನೆ ಅಂದಾಗ ಇಲ್ಲಿನ ಗೆಳೆಯರು ಯಾರೂ ಒಪ್ಪಲಿಲ್ಲ. "ಮಂಡಿನೋವು ಇಟ್ಟುಕೊಂಡು ನಾಲ್ಕು ಕಿಲೋಮೀಟರ್ ನಡೀತಾರಾ?" ಅಂದರು. ಮೂರನೇ ಸಲಕ್ಕೆ ಮಾಡಿ ತೋರಿಸಿದೆ.

ಮೊದಲ ಸಲ ಎಲ್ಲರಂತೆ, ದಾರಿ ಶುರುವಾಗುವ ಬಾಸ್ಟನ್ ಕಾಮನ್ ಪಾರ್ಕಿನಿಂದ ನೆಲದ ಮೇಲಿನ ಕೆಂಪು ಗೆರೆ ಹಿಡಿದು ಹೊರಟೆವು. ಊರ ನಡುವೆ ಕಾರು ನಿಲ್ಲಿಸಿದ್ದಕ್ಕೇ 40 ಡಾಲರ್ ಮೇಲೆ ಹೋಯಿತು. ನಡುದಾರಿಯ ಫ್ಯಾನ್ಯುಯಲ್ ಹಾಲ್ ಮುಟ್ಟುವಷ್ಟರಲ್ಲಿ ಅಮ್ಮನ ಮಂಡಿ ಊದಿತ್ತು. ವಾಪಸ್ ಬಂದೆವು. ಎರಡನೇ ಸಲ ಟೂರ್ ಬಸ್, ನಾಲ್ವರಿಗೆ ಹತ್ತಿರ ಹತ್ತಿರ 180 ಡಾಲರ್. ಕಿಟಕಿಯಿಂದ ನೋಡಿದ್ದೇ ಜಾಸ್ತಿ. ಕಾನ್‌ಸ್ಟಿಟ್ಯೂಷನ್ ಅನ್ನುವ ಹಳೆಯ ಯುದ್ಧದ ಹಡಗಿನ ಬಳಿ ಇಳಿದರೆ ಫೋಟೋ ಇರುವ ಗುರುತುಪತ್ರ ಕೇಳಿದರು. ಪಾಸ್‌ಪೋರ್ಟ್ ಮನೆಯ ಬೀರುವಿನಲ್ಲಿತ್ತು. 1797ರಲ್ಲಿ ನೀರಿಗಿಳಿದ ಹಡಗು, ಒಳಗೆ ಹೋಗಲು ದುಡ್ಡೂ ಇಲ್ಲ. ಆದರೂ ದಡದಲ್ಲೇ ನಿಂತು ನೋಡಿ ಬಂದೆವು. ಅಪ್ಪ ಏನೂ ಅನ್ನಲಿಲ್ಲ, ನನಗೇ ತುಂಬ ಬೇಜಾರಾಯಿತು.

ಆಮೇಲೆ ಒಂದು ಭಾನುವಾರ ಒಬ್ಬನೇ ಹೋಗಿ ಗಡಿಯಾರ ನೋಡಿಕೊಂಡು ಎರಡೂ ದಿಕ್ಕಿನಿಂದ ನಡೆದೆ. ದಾರಿಯ ಕೊನೆಯಲ್ಲಿ ಗುಡ್ಡದ ಮೇಲಿರುವ ಬಂಕರ್ ಹಿಲ್ ಯುದ್ಧ ಸ್ಮಾರಕದ 294 ಮೆಟ್ಟಿಲನ್ನೂ ಹತ್ತಿದೆ. ಲಿಫ್ಟ್ ಇಲ್ಲ, ಹತ್ತಲು ಹತ್ತು ಹನ್ನೆರಡು ನಿಮಿಷ ಆಗಿರಬೇಕು. ಅಪ್ಪ ವಿಂಧ್ಯಗಿರಿ ಹತ್ತಿದವರೇ, ಆದರೆ ಇದು ಸುತ್ತು ಮೆಟ್ಟಿಲು, ಇಕ್ಕಟ್ಟು. ಪಟ್ಟಿಯಿಂದ ತೆಗೆದೆ. ಗುಡ್ಡ, ಹಡಗಿನ ಕಡಿದಾದ ಏಣಿ, ಬಿಸಿಲು ಬಡಿಯುವ ಸೇತುವೆ, ಕಷ್ಟದ್ದೆಲ್ಲ ನದಿಯಾಚೆ, ದಾರಿ ಮುಗಿಯುವ ಚಾರ್ಲ್ಸ್‌ಟೌನ್ ಕಡೆಗೇ ಇದೆ. ಕಾಲು ಸೋತ ಮೇಲೆ ಅಲ್ಲಿಗೆ ಹೋಗುವುದೇ ತಪ್ಪು, ಅಲ್ವಾ?

ಹಾಗಾಗಿ ಕಾರನ್ನು ಆರೆಂಜ್ ಲೈನ್ ಮೆಟ್ರೋದ ಒಂದು ಸ್ಟೇಷನ್ನಿನಲ್ಲಿ ಬಿಟ್ಟೆವು, 5-6 ಡಾಲರ್. ಯಾವ ಸ್ಟೇಷನ್ ಅಂತ ಹೇಳುವುದಿಲ್ಲ, ಜಾಗ ಕಡಿಮೆ. ದಿನದ ಪಾಸ್ ತಲೆಗೆ ಸುಮಾರು 11 ಡಾಲರ್, ದೋಣಿಯೂ ಅದರಲ್ಲೇ. ಸ್ಟೇಟ್ ಸ್ಟೇಷನ್ನಿನಲ್ಲಿ ಇಳಿದು ಲಾಂಗ್ ವಾರ್ಫ್‌ನಿಂದ ದೋಣಿ ಹತ್ತಿದೆವು. ಮೊದಲು ಹಡಗು, ಮೇಲಿನ ಡೆಕ್ ಮಾತ್ರ. ದೋಣಿಯಲ್ಲೇ ವಾಪಸ್, ಸೇತುವೆ ತಪ್ಪಿತು. ಮೊಸರನ್ನಕ್ಕೆ ನೆರಳಿನ ಒಂದು ಬೆಂಚು ಹುಡುಕಿಟ್ಟಿದ್ದೆ. ಅದು ಎಲ್ಲಿ ಅಂತಲೂ ಹೇಳಲಾರೆ.

ಹೀಗೆ ಹೋದರೆ, ಬ್ರಿಟಿಷ್ ಸೈನ್ಯ ಬರುತ್ತಿದೆ ಅಂತ ಕುದುರೆ ಏರಿ ಸುದ್ದಿ ಮುಟ್ಟಿಸಿದ ಪಾಲ್ ರೆವೀರ್‌ನ ಮನೆ ಮೊದಲು ಸಿಗುತ್ತದೆ, ಸಂಜೆಗೆ ಅವನ ಸಮಾಧಿ. ನಡುವೆ ಓಲ್ಡ್ ನಾರ್ತ್ ಚರ್ಚು, 1775ರ ಏಪ್ರಿಲ್ 18ರ ರಾತ್ರಿ, ಆ ಸೈನ್ಯ ನೀರಿನ ದಾರಿ ಹಿಡಿದಿದೆ ಅನ್ನುವುದಕ್ಕೆ ಎರಡು ಲಾಂದ್ರ ತೋರಿಸಿದ ಗೋಪುರ. ಕತೆ ಕೂಡಿಕೊಂಡಿತು.

ಓಲ್ಡ್ ಸೌತ್ ಸಭಾಮಂದಿರದ ಮುಂದೆ ಅಪ್ಪ ಅರ್ಧ ಗಂಟೆ ನಿಂತರು. 1773ರ ಡಿಸೆಂಬರ್ 16ರಂದು ಬ್ರಿಟಿಷರ ಟೀ ತೆರಿಗೆ ವಿರೋಧಿಸಿ ಜನ ಇಲ್ಲಿ ಸೇರಿದ್ದರು. ಅವತ್ತೇ ರಾತ್ರಿ 342 ಪೆಟ್ಟಿಗೆ ಟೀ ಸಮುದ್ರಕ್ಕೆ ಬಿತ್ತು. "ನಮ್ಮ ಶ್ರೀರಂಗಪಟ್ಟಣಕ್ಕೆ ಬಂದ ಈಸ್ಟ್ ಇಂಡಿಯಾ ಕಂಪನಿಯದ್ದೇ ಟೀ ಕಣೋ" ಅಂದರು. 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ 1792ರಲ್ಲಿ ಟಿಪ್ಪುವಿನ ಕೋಟೆ ಮುತ್ತಿದ್ದನ್ನು ಅಮ್ಮನಿಗೆ ವಿವರಿಸಿದರು. ಅವಸರ ಮಾಡಲಿಲ್ಲ. ಮುಂದೆ ಉಳಿದದ್ದು ಹೆಚ್ಚು ದೂರವಿರಲಿಲ್ಲ.

ರೆವೀರ್ ಮನೆಯ ಟಿಕೆಟ್ ಸೇರಿ ಒಟ್ಟು 75 ಡಾಲರ್ ಆಸುಪಾಸು. ಐದೂವರೆಗೆ ಕಾಮನ್‌ನ ಹುಲ್ಲಿನ ಮೇಲೆ ಕೂತಾಗ ಅಮ್ಮ ಚಪ್ಪಲಿ ಬಿಚ್ಚಿ ಮಂಡಿ ಮುಟ್ಟಿ ನೋಡಿಕೊಂಡರು. ಊದಿರಲಿಲ್ಲ.