ಕುಟುಂಬ ಕ್ರೂಸಿನ ಮಾರ್ಗ ಹೇಗೆ ನಿಗದಿಯಾಗುತ್ತದೆ, ಆ ಪಟ್ಟಿಯನ್ನು ಓದುವುದು ಹೇಗೆ

ಕ್ರೂಸ್ ಜಾಹೀರಾತಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಊರುಗಳ ಹೆಸರು: ನಸ್ಸೌ, ಕೊಜುಮೆಲ್, ಜೂನೋ, ಬಾರ್ಸಿಲೋನಾ. ಮಾರ್ಗ ರೂಪಿಸುವವರ ಮೇಜಿನ ಮೇಲೆ ಇದೆಲ್ಲ ತಿರುವುಮುರುವು. ಹಡಗು ಎಲ್ಲಿಂದ ಹೊರಡಬೇಕು, ಎಷ್ಟು ರಾತ್ರಿಯ ಪಯಣ, ಶಾಲೆಗಳಿಗೆ ರಜೆ ಯಾವಾಗ ಎನ್ನುವುದು ಮೊದಲು ತೀರ್ಮಾನವಾಗುತ್ತದೆ. ಆಮೇಲೆ ಕೈಯಲ್ಲಿ ಉಳಿಯುವ ಗಂಟೆಗಳಲ್ಲಿ ಎಲ್ಲಿಗೆ ಹೋಗಿಬರಬಹುದೋ ಅವೇ ತಾಣಗಳಾಗುತ್ತವೆ. ಯಾವ ದಿನ ಯಾವ ಬಂದರು, ಎಷ್ಟು ಹೊತ್ತು ಎಂದು ಕಂಪನಿ ಕೊಡುವ ಪಟ್ಟಿಯನ್ನು ನೀವೂ ಇದೇ ಕ್ರಮದಲ್ಲಿ ಓದಿದರೆ ಯಾವ ದಿನ ನಿಜವಾಗಿ ಮಕ್ಕಳಿಗೆ ದಕ್ಕುತ್ತದೆ, ಯಾವುದು ಹೆಸರಿಗಷ್ಟೇ ಇದೆ ಎಂಬುದು ಹಣ ಕಟ್ಟುವ ಮೊದಲೇ ತಿಳಿಯುತ್ತದೆ.

ಹೊರಡುವ ಬಂದರು, ರಾತ್ರಿಗಳ ಸಂಖ್ಯೆ

ನಾಲ್ಕು ಜನರ ಕುಟುಂಬಕ್ಕೆ ವಿಮಾನದ ಖರ್ಚು ನಾಲ್ಕು ಪಟ್ಟು. ಹಾಗಾಗಿ ಕುಟುಂಬಗಳನ್ನು ನೆಚ್ಚಿಕೊಂಡ ಕಂಪನಿಗಳು ಕಾರಿನಲ್ಲೇ ಬಂದು ಹಡಗು ಹತ್ತಬಹುದಾದ ಬಂದರುಗಳನ್ನು ಹುಡುಕುತ್ತವೆ. ಅಮೆರಿಕದಲ್ಲಿ ಮಯಾಮಿ, ಪೋರ್ಟ್ ಕೆನಾವೆರಲ್, ಗ್ಯಾಲ್ವೆಸ್ಟನ್ ಬೆಳೆದದ್ದಕ್ಕೆ, ಬ್ರಿಟನ್ನಿನಲ್ಲಿ ಸೌತಾಂಪ್ಟನ್‌ಗೆ ಬೇಡಿಕೆ ಇರುವುದಕ್ಕೆ ಇದೊಂದು ದೊಡ್ಡ ಕಾರಣ. ಹಡಗಿನ ಮೈಕಟ್ಟೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಟ್ಯಾಂಪಾ ಬಂದರಿಗೆ ಹೋಗಬೇಕಾದರೆ ಸನ್‌ಶೈನ್ ಸ್ಕೈವೇ ಸೇತುವೆಯ ಕೆಳಗೆ ಹಾಯಬೇಕು. ಅಲ್ಲಿರುವ ತೆರಪು ಸುಮಾರು 55 ಮೀಟರ್. ನೀರುಜಾರುಗಳನ್ನು ಹೊತ್ತ ಇಂದಿನ ಅತಿ ದೊಡ್ಡ ಹಡಗುಗಳು ನೀರಿನಿಂದ 60 ಮೀಟರಿಗೂ ಮೇಲೆ ನಿಲ್ಲುತ್ತವೆ. ಬೇಡಿಕೆ ಎಷ್ಟೇ ಇರಲಿ, ಅವು ಅಲ್ಲಿಗೆ ಬರಲಾರವು.

ಏಳು ರಾತ್ರಿಯ ಪಯಣವೇ ಹೆಚ್ಚು ಕಾಣುವುದಕ್ಕೂ ಕಾರಣವಿದೆ. ಪ್ರತಿ ವಾರ ಒಂದೇ ದಿನ ಬಂದು ಅದೇ ದಿನ ಹೊರಟರೆ ಬಂದರಿನ ಜಾಗ, ದಿನಸಿ ಲಾರಿ, ಸಿಬ್ಬಂದಿ ಎಲ್ಲವೂ ಒಂದು ಲಯಕ್ಕೆ ಕೂಡುತ್ತವೆ. ಮೂರು ಮತ್ತು ನಾಲ್ಕು ರಾತ್ರಿಯ ಪಯಣಗಳನ್ನು ಜೋಡಿ ಮಾಡಿದರೂ ಏಳೇ: ಶುಕ್ರವಾರದಿಂದ ಸೋಮವಾರ ಒಂದು, ಸೋಮವಾರದಿಂದ ಶುಕ್ರವಾರ ಇನ್ನೊಂದು. ವಾರಾಂತ್ಯದ ಮೂರು ರಾತ್ರಿಯಲ್ಲಿ ಹಡಗು ಗಿಜಿಗುಡುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನಡುವಾರದ ನಾಲ್ಕು ರಾತ್ರಿ ನೆಮ್ಮದಿ ಎಂಬುದು ನಮ್ಮ ಅಭಿಪ್ರಾಯ.

ಗಂಟೆಯ ಲೆಕ್ಕ

ಇಡೀ ಮಾರ್ಗದ ಜೀವಾಳ ಇಲ್ಲಿದೆ, ಆದ್ದರಿಂದ ಕಾಗದ ಪೆನ್ನು ಹಿಡಿದೇ ಕೂರಿ. ಪಟ್ಟಿಯಲ್ಲಿ ಒಂದರ ಹಿಂದೆ ಒಂದು ಬರುವ ಎರಡು ಬಂದರುಗಳನ್ನು ತೆಗೆದುಕೊಳ್ಳಿ. ಮೊದಲನೆಯದನ್ನು ಸಂಜೆ 5ಕ್ಕೆ ಬಿಟ್ಟು ಎರಡನೆಯದನ್ನು ಬೆಳಿಗ್ಗೆ 8ಕ್ಕೆ ಸೇರುವುದಾದರೆ ನಡುವೆ 15 ಗಂಟೆ. ಬಂದರಿನ ದಾರಿ ಬಲ್ಲ ಸ್ಥಳೀಯ ಪೈಲಟ್‌ನನ್ನು ಹತ್ತಿಸಿಕೊಂಡು ನಿಧಾನವಾಗಿ ಬಂದರಿನೊಳಗೆ ತೆವಳುವುದಕ್ಕೆ ಎರಡೂ ಕಡೆ ಸೇರಿ ಒಂದೂವರೆ ಗಂಟೆ ಕಳೆಯಿರಿ. ಉಳಿದದ್ದು ಹದಿಮೂರೂವರೆ. ಬಂದರುಗಳ ನಡುವಿನ ಸಮುದ್ರಮಾರ್ಗದ ದೂರ ತೋರಿಸುವ ತಾಣಗಳು ಅಂತರ್ಜಾಲದಲ್ಲಿವೆ. ದೂರ 230 ನಾಟಿಕಲ್ ಮೈಲಿ ಎಂದು ಬಂದರೆ ಹಡಗು 17 ನಾಟ್ ವೇಗದಲ್ಲಿ ಹೋದರೆ ಸಾಕು. 300 ಎಂದು ಬಂದರೆ 22 ನಾಟ್ ಬೇಕು. ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್.

ದೊಡ್ಡ ಕುಟುಂಬ ಹಡಗುಗಳು ಆರಾಮವಾಗಿ ಓಡುವುದು 20ರಿಂದ 22 ನಾಟ್‌ವರೆಗೆ. ಅಂದರೆ ಎರಡನೆಯ ಲೆಕ್ಕದಲ್ಲಿ ಕಂಪನಿ ಕೊಸರಿಗೂ ಜಾಗ ಉಳಿಸಿಕೊಂಡಿಲ್ಲ. ಎದುರುಗಾಳಿ ಬೀಸಿತೋ, ಹಿಂದಿನ ಬಂದರಿನಲ್ಲಿ ಅರ್ಧ ಗಂಟೆ ತಡವಾಯಿತೋ, ಮುಂದಿನ ಊರಿನಲ್ಲಿ ನಿಮ್ಮ ಸಮಯ ಅಷ್ಟು ಕಡಿತ. ವೇಗ ಹೆಚ್ಚಿಸಿ ಹೊಂದಿಸಿಕೊಳ್ಳಲಿ ಎಂದರೆ ಇಂಧನ ಬಿಡುವುದಿಲ್ಲ. ಹಡಗನ್ನು ತಳ್ಳಲು ಬೇಕಾದ ಶಕ್ತಿ ಹೆಚ್ಚುಕಡಿಮೆ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 18 ನಾಟ್‌ನಿಂದ 20ಕ್ಕೆ ಹೋದರೆ ಗಂಟೆಗೆ ಬೇಕಾದ ಶಕ್ತಿ ಶೇಕಡಾ 37ರಷ್ಟು ಹೆಚ್ಚು. ಬೇಗ ತಲುಪುವ ಲಾಭ ಕಳೆದರೂ ಅದೇ ದೂರಕ್ಕೆ ಶೇಕಡಾ 23 ಹೆಚ್ಚು. ಯಾವುದೋ ಚಂದದ ಊರಿನಿಂದ ಹಡಗು ಮಧ್ಯಾಹ್ನ 2ಕ್ಕೇ ಹೊರಡುತ್ತದೆ ಎಂದು ಪಟ್ಟಿಯಲ್ಲಿದ್ದರೆ ಬಹುಪಾಲು ಇದೇ ಲೆಕ್ಕ ಹಿಂದೆ ಕೆಲಸ ಮಾಡಿರುತ್ತದೆ.

ಇನ್ನು ದಡದ ಮೇಲಿನ ಗಂಟೆಗಳು. ಬೆಳಿಗ್ಗೆ 8ರಿಂದ ಸಂಜೆ 5 ಎಂದು ಬರೆದಿದ್ದರೆ ಒಂಬತ್ತು ಗಂಟೆ ಸಿಕ್ಕಿತು ಎಂದುಕೊಳ್ಳಬೇಡಿ. ಹಗ್ಗ ಕಟ್ಟಿ, ಸ್ಥಳೀಯ ಅಧಿಕಾರಿಗಳ ಅನುಮತಿ ಬಂದು, ಇಳಿಯುವ ಸಾಲು ಕರಗುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿರುತ್ತದೆ. ಹೊರಡುವ ಅರ್ಧ ಗಂಟೆ ಮೊದಲು, ಕೆಲವು ಕಡೆ ಒಂದು ಗಂಟೆ ಮೊದಲು ಎಲ್ಲರೂ ಹಡಗಿನೊಳಗಿರಬೇಕು. ಹೀಗೆ ಉಳಿಯುವುದು ಸುಮಾರು ಏಳೂವರೆ ಗಂಟೆ. ಇದರಲ್ಲಿ ಪ್ರಯಾಣದ ಸಮಯವನ್ನೂ ಕಳೆಯಿರಿ. ಪಟ್ಟಿಯಲ್ಲಿ ‘ರೋಮ್’ ಎಂದಿರುತ್ತದೆ, ಹಡಗು ನಿಲ್ಲುವುದು ಸುಮಾರು 80 ಕಿಲೋಮೀಟರ್ ದೂರದ ಚಿವಿತಾವೆಕ್ಕಿಯಾದಲ್ಲಿ. ‘ಫ್ಲಾರೆನ್ಸ್’ ಎಂದರೆ ಲಿವೋರ್ನೊ. ‘ಪ್ಯಾರಿಸ್’ ಎಂದರೆ ಲೆ ಆವ್ರ್, ಅಲ್ಲಿಂದ ಪ್ಯಾರಿಸ್‌ಗೆ ಸುಮಾರು 200 ಕಿಲೋಮೀಟರ್. ಬಸ್ಸಿನಲ್ಲಿ ಹೋಗಿಬರಲು ಐದು ಗಂಟೆಗೂ ಮೇಲೆ. ಆರು ವರ್ಷದ ಮಗುವಿನೊಂದಿಗೆ ಈ ಪ್ಯಾರಿಸ್ ಬೇಡವೇ ಬೇಡ. ಲೆ ಆವ್ರ್‌ನ ಕಡಲತೀರದಲ್ಲೇ ದಿನ ಕಳೆಯಿರಿ, ಮಗುವಿಗೂ ಅದೇ ಇಷ್ಟವಾಗುತ್ತದೆ.

ಬಂದರು ಹೆಚ್ಚಿದ್ದಷ್ಟೂ ಪಯಣ ಒಳ್ಳೆಯದು ಎಂಬ ಎಣಿಕೆ ಚಿಕ್ಕ ಮಕ್ಕಳಿರುವವರ ಮಟ್ಟಿಗೆ ತಪ್ಪು. ಏಳು ರಾತ್ರಿಯಲ್ಲಿ ಎರಡು ದಿನ ಬರೀ ಸಮುದ್ರದಲ್ಲಿ ಕಳೆದರೆ ಮಕ್ಕಳ ನಿದ್ದೆ ಊಟ ಹದಕ್ಕೆ ಬರುತ್ತದೆ. ಕಂಪನಿಗೂ ಸಮುದ್ರದ ದಿನ ಬೇಕು: ಬಂದರಿನ ಶುಲ್ಕವಿಲ್ಲ, ಅಂಗಡಿ ಕ್ಯಾಸಿನೊಗಳು ತೆರೆದಿರುತ್ತವೆ, ಜನ ಹಡಗಿನಲ್ಲೇ ಖರ್ಚು ಮಾಡುತ್ತಾರೆ. ಆ ದಿನ ಈಜುಕೊಳದ ಸುತ್ತ ಕಾಲಿಡಲು ಜಾಗವಿರುವುದಿಲ್ಲ ಎಂಬುದು ಇದರ ಇನ್ನೊಂದು ಮುಖ. ಬೆಳಿಗ್ಗೆ 9ರೊಳಗೆ ಅಥವಾ ಜನ ಊಟಕ್ಕೆ ಹೋಗುವ ರಾತ್ರಿಯ ಹೊತ್ತಿನಲ್ಲಿ ಹೋಗಿ.

ಕಾನೂನು ತಂದುಕೊಡುವ ಊರುಗಳು

ಸಿಯಾಟಲ್‌ನಿಂದ ಅಲಾಸ್ಕಾಗೆ ಹೋಗಿಬರುವ ಪಟ್ಟಿಗಳಲ್ಲಿ ಕೆನಡಾದ ವಿಕ್ಟೋರಿಯಾ ಹಲವು ಸಲ ಕೊನೆಯ ಸಂಜೆ ಕೆಲವೇ ಗಂಟೆಗಳ ಮಟ್ಟಿಗೆ ಬಂದು ಹೋಗುತ್ತದೆ. ಕಾರಣ 1886ರ ಒಂದು ಅಮೆರಿಕನ್ ಕಾಯಿದೆ. ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಮೆರಿಕದ ಬಂದರುಗಳನ್ನಷ್ಟೇ ಮುಟ್ಟಿ ಹಿಂತಿರುಗುವಂತಿಲ್ಲ, ನಡುವೆ ಒಂದು ಪರದೇಶದ ಬಂದರು ಇರಲೇಬೇಕು. ಹೆಚ್ಚುಕಡಿಮೆ ಎಲ್ಲ ದೊಡ್ಡ ಕ್ರೂಸ್ ಹಡಗುಗಳೂ ಬಹಾಮಾಸ್, ಪನಾಮಾ, ಮಾಲ್ಟಾದಂಥ ದೇಶಗಳ ಧ್ವಜ ಹೊತ್ತಿರುವುದರಿಂದ ಇದು ಅವಕ್ಕೆಲ್ಲ ಅನ್ವಯ. ಕೋವಿಡ್ ಕಾಲದಲ್ಲಿ ಕೆನಡಾ ತನ್ನ ಬಂದರುಗಳನ್ನು ಮುಚ್ಚಿದಾಗ ಅಲಾಸ್ಕಾ ಪಯಣಗಳು ನಿಂತೇಹೋದವು. 2021ರಲ್ಲಿ ಅಮೆರಿಕದ ಕಾಂಗ್ರೆಸ್ ತಾತ್ಕಾಲಿಕ ವಿನಾಯಿತಿ ಕೊಟ್ಟ ಮೇಲಷ್ಟೇ ಮತ್ತೆ ಹಡಗು ಹೊರಟದ್ದು. ಆದ್ದರಿಂದ ವಿಕ್ಟೋರಿಯಾದ ಸಂಜೆಗೆ ದೊಡ್ಡ ಯೋಜನೆ ಹಾಕಬೇಡಿ. ಆದರೆ ಕಾಗದಪತ್ರದ ವಿಚಾರದಲ್ಲಿ ಅದು ಪೂರ್ತಿ ಪರದೇಶವೇ: ಇಳಿಯದಿದ್ದರೂ ನಿಮ್ಮ ಪಾಸ್‌ಪೋರ್ಟಿಗೆ ಕೆನಡಾದ ಅನುಮತಿ ಬೇಕೇ, ಅಮೆರಿಕದ ವೀಸಾ ಮತ್ತೆ ಒಳಬರಲು ಅವಕಾಶ ಕೊಡುತ್ತದೆಯೇ ನೋಡಿಕೊಳ್ಳಿ.

ಮಗುವಿನ ವಯಸ್ಸೂ ಮಾರ್ಗಕ್ಕೆ ತಳುಕು ಹಾಕಿಕೊಂಡಿದೆ. ಸಾಮಾನ್ಯ ಪಯಣಕ್ಕೆ ಬಹುತೇಕ ಕಂಪನಿಗಳು ಆರು ತಿಂಗಳು ತುಂಬಿರಬೇಕು ಎನ್ನುತ್ತವೆ. ಅಟ್ಲಾಂಟಿಕ್ ದಾಟುವ, ಅಥವಾ ಸತತ ಮೂರ್ನಾಲ್ಕು ದಿನ ದಡವೇ ಸಿಗದ ಮಾರ್ಗಗಳಿಗೆ ಹನ್ನೆರಡು ತಿಂಗಳು. ಆಸ್ಪತ್ರೆ ದೂರವಿದ್ದಷ್ಟೂ ನಿಯಮ ಬಿಗಿ. ಮಕ್ಕಳ ಕ್ಲಬ್ಬಿಗೆ ಸಾಮಾನ್ಯವಾಗಿ ಮೂರು ವರ್ಷ ತುಂಬಿ, ಡೈಪರ್ ಬಿಟ್ಟಿರಬೇಕು. ಹುಟ್ಟುಹಬ್ಬದ ಹಿಂದಿನ ವಾರ ಟಿಕೆಟ್ ತೆಗೆದು ಪೇಚಿಗೆ ಸಿಕ್ಕಿಕೊಳ್ಳುವುದಕ್ಕಿಂತ ಒಂದು ವಾರ ಮುಂದೂಡುವುದು ಲೇಸು.

ಕಟ್ಟೆಗೆ ನಿಲ್ಲುವ ಹಡಗು, ದೋಣಿಯಲ್ಲಿ ಇಳಿಸುವ ಹಡಗು

ಬಂದರಿನಲ್ಲಿ ಜಾಗ ಕೇಳುವ ಕೆಲಸ ಪಯಣಕ್ಕೆ ಎರಡು ವರ್ಷವೋ ಅದಕ್ಕೂ ಮುಂಚೆಯೋ ಶುರುವಾಗುತ್ತದೆ. ಹಲವು ಕಡೆ ಹಿಂದಿನಿಂದ ಬರುತ್ತಿರುವವರಿಗೆ ಆದ್ಯತೆ. ಕಟ್ಟೆ ಕಟ್ಟಲು ಹಣ ಹಾಕಿದ ಕಂಪನಿಗೆ ಅದಕ್ಕೂ ಮೊದಲ ಆದ್ಯತೆ. ಇದರ ಮೇಲೆ ಊರವರ ಮಿತಿಗಳೂ ಬಂದಿವೆ. ಅಲಾಸ್ಕಾದ ಜೂನೋ 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಎಂದಿದೆ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ಕ್ರೂಸ್ ಹಡಗು. ವೆನಿಸ್‌ನ ಸಂತ ಮಾರ್ಕ್ ಚೌಕದೆದುರು 25,000 ಟನ್ ಮೀರಿದ ಹಡಗುಗಳು 2021ರ ಆಗಸ್ಟ್‌ನಿಂದ ಹಾಯುವಂತಿಲ್ಲ. ಹಾಗಾಗಿ ‘ವೆನಿಸ್’ ಎಂದು ಓದಿದರೆ ರವೆನ್ನಾ, ಟ್ರಿಯೆಸ್ತೆ ಎಂಬ ಹೆಸರು ಪಕ್ಕದಲ್ಲಿದೆಯೇ ಹುಡುಕಿ.

ಕುಟುಂಬಗಳಿಗೆ ಎಲ್ಲಕ್ಕಿಂತ ಹೆಚ್ಚು ತಟ್ಟುವುದು ಟೆಂಡರ್. ಕಟ್ಟೆಯಿಲ್ಲದ ಊರಿನಲ್ಲಿ ಹಡಗು ದೂರದಲ್ಲೇ ನಿಂತು ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಕಳಿಸುತ್ತದೆ. ಗ್ರ್ಯಾಂಡ್ ಕೇಮನ್, ಸ್ಯಾಂಟೊರಿನಿ ಎರಡೂ ಇಂಥವು. ದೋಣಿಗೆ 120 ಜನ, ತುಂಬಿಸಿ, ಇಳಿಸಿ, ಮತ್ತೆ ಬರಲು 40 ನಿಮಿಷ, ನಾಲ್ಕು ದೋಣಿಗಳ ಓಡಾಟ ಎಂದಿಟ್ಟುಕೊಂಡರೆ ಗಂಟೆಗೆ 720 ಜನ. ಮೂರು ಸಾವಿರ ಜನ ಇಳಿಯಲು ನಾಲ್ಕು ಗಂಟೆಗೂ ಮಿಕ್ಕಿ ಬೇಕು. ದೋಣಿ ಅಲೆಗೆ ಒಂದಡಿ ಮೇಲೆ, ಒಂದಡಿ ಕೆಳಗೆ ಹೋಗುತ್ತಿರುತ್ತದೆ. ಒಂದು ಕೈಯಲ್ಲಿ ಮಡಚಿದ ತಳ್ಳುಗಾಡಿ, ಇನ್ನೊಂದರಲ್ಲಿ ಮಗು. ದೋಣಿ ಮೇಲೆದ್ದ ಕ್ಷಣಕ್ಕೆ ಸಿಬ್ಬಂದಿ ತೋಳು ಹಿಡಿದು ‘ಈಗ’ ಎಂದಾಗ ಹೆಜ್ಜೆ ಇಡಬೇಕು. ಮಗುವನ್ನು ಮೈಗೆ ಕಟ್ಟಿಕೊಳ್ಳುವ ಜೋಳಿಗೆ ಇದ್ದರೆ ಎರಡೂ ಕೈ ಖಾಲಿ. ಸ್ಯಾಂಟೊರಿನಿಯಲ್ಲಿ ದಡ ಮುಟ್ಟಿದರೂ ಮುಗಿಯಿತೆಂದಲ್ಲ: ಮೇಲಿನ ಊರಿಗೆ ಕೇಬಲ್ ಕಾರಿನ ಸಾಲು, ಇಲ್ಲವೇ ಸುಮಾರು ಆರುನೂರು ಮೆಟ್ಟಿಲು. ಪಟ್ಟಿಯಲ್ಲಿ ಟೆಂಡರ್ ಎಂಬ ಗುರುತು ಎಷ್ಟು ಕಡೆ ಇದೆ ಎಣಿಸಿ. ಒಂದಕ್ಕಿಂತ ಹೆಚ್ಚಿದ್ದರೆ ಮೂರು ವರ್ಷದೊಳಗಿನ ಮಕ್ಕಳೊಂದಿಗೆ ಆ ಮಾರ್ಗ ಬೇಡ ಎನ್ನುತ್ತೇವೆ.

ಕಂಪನಿಗಳ ಸ್ವಂತ ದ್ವೀಪಗಳು ಹುಟ್ಟಿಕೊಂಡದ್ದು ಈ ಎಲ್ಲ ತೊಡಕುಗಳಿಗೆ ಉತ್ತರವಾಗಿ. ಡಿಸ್ನಿಯ ಕಾಸ್ಟವೇ ಕೇ 1998ರಲ್ಲಿ ಶುರುವಾದಾಗಲೇ ಹಡಗು ನೇರ ಕಟ್ಟೆಗೆ ನಿಲ್ಲುವಂತೆ ಕಟ್ಟಿದರು. ರಾಯಲ್ ಕೆರಿಬಿಯನ್ 2019ರಲ್ಲಿ ಕೊಕೊಕೇ ದ್ವೀಪವನ್ನು ನೀರಾಟದ ತಾಣವಾಗಿ ಮಾರ್ಪಡಿಸಿತು. ಕಾರ್ನಿವಲ್ 2025ರ ಜುಲೈನಲ್ಲಿ ಗ್ರ್ಯಾಂಡ್ ಬಹಾಮಾದಲ್ಲಿ ಸೆಲೆಬ್ರೇಷನ್ ಕೀ ತೆರೆಯಿತು. ಫ್ಲಾರಿಡಾದಿಂದ ಒಂದು ರಾತ್ರಿಯ ದೂರ, ಇಂಧನ ಕಡಿಮೆ, ಜಾಗಕ್ಕೆ ಪೈಪೋಟಿ ಇಲ್ಲ, ದಡದಲ್ಲಿ ಖರ್ಚಾಗುವ ಹಣವೂ ಕಂಪನಿಗೇ. ಹೆತ್ತವರಿಗೂ ಅನುಕೂಲ ನಿಜ: ಟ್ಯಾಕ್ಸಿ ಹುಡುಕಬೇಕಿಲ್ಲ, ಮಗು ಸುಸ್ತಾದರೆ ಕ್ಯಾಬಿನ್ನಿಗೆ ವಾಪಸ್. ಯಾವುದು ಉಚಿತ, ಯಾವುದಕ್ಕೆ ಹಣ ಎಂದು ಮೊದಲೇ ವಿಚಾರಿಸಿ. ಊಟ ಸಾಮಾನ್ಯವಾಗಿ ಸೇರಿರುತ್ತದೆ, ದೊಡ್ಡ ನೀರುಜಾರುಗಳಿಗೆ ಮತ್ತು ನೆರಳಿನ ಕುಟೀರಗಳಿಗೆ ಬೇರೆ ದರ.

ಋತು, ಗಾಳಿ, ಬದಲಾವಣೆ

ಬೇಸಿಗೆಯಲ್ಲಿ ಅಲಾಸ್ಕಾ ಮತ್ತು ಮೆಡಿಟರೇನಿಯನ್, ಚಳಿಗಾಲದಲ್ಲಿ ಕೆರಿಬಿಯನ್. ಹಡಗುಗಳ ವಲಸೆ ಹೆಚ್ಚುಕಡಿಮೆ ಹೀಗೆ. ಕುಟುಂಬಗಳಿಗಾಗಿ ಕಟ್ಟಿದ ದೈತ್ಯ ಹಡಗುಗಳಲ್ಲಿ ಕೆಲವು ಮಾತ್ರ ವರ್ಷವಿಡೀ ಫ್ಲಾರಿಡಾದಲ್ಲೇ ಉಳಿಯುತ್ತವೆ. ಆದರೆ ಅಮೆರಿಕದ ಶಾಲೆಗಳ ಬೇಸಿಗೆ ರಜೆ ಮತ್ತು ಅಟ್ಲಾಂಟಿಕ್ ಚಂಡಮಾರುತದ ಕಾಲ ಒಂದರ ಮೇಲೊಂದು ಬೀಳುತ್ತವೆ. ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30. ಅಬ್ಬರ ಆಗಸ್ಟ್ ನಡುವಿನಿಂದ ಅಕ್ಟೋಬರ್‌ವರೆಗೆ. ರಜೆ ಜೂನ್‌ನಲ್ಲೇ ಸಿಗುವುದಾದರೆ ಆಗಸ್ಟ್ ಕೊನೆಗಿಂತ ಅದೇ ಮೇಲು. ಬಿರುಗಾಳಿ ಎದ್ದರೆ ಪಯಣ ರದ್ದಾಗುವುದು ಅಪರೂಪ. ಪೂರ್ವ ಕೆರಿಬಿಯನ್ನಿಗೆ ಹೊರಟ ಹಡಗನ್ನು ಪಶ್ಚಿಮಕ್ಕೆ ತಿರುಗಿಸುತ್ತಾರೆ. ಸೇಂಟ್ ಥಾಮಸ್ ನೋಡಬೇಕೆಂದು ಹೊರಟವರು ಕೊಜುಮೆಲ್ ನೋಡಿ ಬರುತ್ತಾರೆ.

ಬಿರುಗಾಳಿಯೇ ಬೇಕಿಲ್ಲ, ಬರೀ ಜೋರುಗಾಳಿ ಸಾಕು. ಈ ಹಡಗುಗಳ ಪಕ್ಕೆ ಒಂದು ಬಹುಮಹಡಿ ಕಟ್ಟಡದಷ್ಟು ಅಗಲ. ಗಾಳಿಗೆ ಅದು ಹಾಯಿಯಂತೆ. ತೆರೆದ ಸಮುದ್ರಕ್ಕೆ ಚಾಚಿದ ಕಟ್ಟೆಯಲ್ಲಿ ಅಡ್ಡಗಾಳಿ ಹೆಚ್ಚಾದರೆ ಕ್ಯಾಪ್ಟನ್ ಒಳಗೆ ತರುವುದಿಲ್ಲ. ಸ್ವಂತ ದ್ವೀಪಗಳೂ ಚಳಿಗಾಲದ ಗಾಳಿಯಲ್ಲಿ ಹೀಗೆ ತಪ್ಪಿಹೋಗುವುದುಂಟು. ಟಿಕೆಟ್ಟಿನ ಕರಾರಿನಲ್ಲಿ ಮಾರ್ಗ ಬದಲಿಸುವ ಹಕ್ಕನ್ನು ಕಂಪನಿ ಕಾದಿರಿಸಿಕೊಂಡಿರುತ್ತದೆ. ಬಂದರು ತಪ್ಪಿದರೆ ಸಾಮಾನ್ಯವಾಗಿ ವಾಪಸ್ ಬರುವುದು ಆ ಬಂದರಿನ ತೆರಿಗೆ, ಶುಲ್ಕ ಮತ್ತು ಹಡಗಿನ ಮೂಲಕವೇ ಕಾದಿರಿಸಿದ ಪ್ರವಾಸದ ಹಣ. ಹೊರಗಿನವರ ಹತ್ತಿರ ಕಾದಿರಿಸುವುದಾದರೆ ‘ಹಡಗು ಬರದಿದ್ದರೆ ಪೂರ್ತಿ ಹಣ ವಾಪಸ್’ ಎಂಬುದು ಬರಹದಲ್ಲಿರಲಿ.

ಸಮಯದ ಎಡವಟ್ಟು ಒಂದುಂಟು, ಬೇಸಿಗೆಯಲ್ಲಿ ಪ್ರತಿ ವಾರ ಯಾರಾದರೂ ಇದಕ್ಕೆ ಸಿಕ್ಕಿಬೀಳಬಹುದು. ಕೊಜುಮೆಲ್ ಇರುವ ಮೆಕ್ಸಿಕೋದ ಕಿಂತಾನಾ ರೂ ರಾಜ್ಯ ಗಡಿಯಾರವನ್ನು ಬೇಸಿಗೆಗೆಂದು ಮುಂದೆ ಮಾಡುವುದಿಲ್ಲ, ಮಯಾಮಿ ಮಾಡುತ್ತದೆ. ಆದ್ದರಿಂದ ಜೂನ್‌ನಲ್ಲಿ ಮಯಾಮಿಯ ಸಮಯವನ್ನೇ ಇಟ್ಟುಕೊಂಡ ಹಡಗಿನಲ್ಲಿ 4:30 ಆಗಿದ್ದಾಗ ಊರಿನ ಗಡಿಯಾರ 3:30 ತೋರಿಸುತ್ತದೆ, ನಿಮ್ಮ ಮೊಬೈಲ್ ತಾನಾಗಿಯೇ ಊರಿನ ಸಮಯಕ್ಕೆ ಹೊರಳಿರುತ್ತದೆ. ಇಳಿಯುವ ಮೊದಲು ಹಡಗಿನ ಸಮಯವನ್ನು ಸಿಬ್ಬಂದಿಯಿಂದ ಖಚಿತ ಮಾಡಿಕೊಂಡು, ಸಾದಾ ಕೈಗಡಿಯಾರವೊಂದನ್ನು ಅದಕ್ಕೆ ಹೊಂದಿಸಿ ಮಣಿಕಟ್ಟಿಗೆ ಕಟ್ಟಿಕೊಳ್ಳಿ.